ವಿದ್ಯೆಯ ಋಣ ಯಾರ ಮೇಲೆ?

ಸರ್ಕಾರಿ ಪದವಿ ಕಾಲೇಜುಗಳ ಮತ್ತು ಸಾರ್ವಜನಿಕ ವಿಶ್ವವಿದ್ಯಾಲಯಗಳ ಖರ್ಚಿನ ದೊಡ್ಡ ಪಾಲನ್ನು ಹೊರುವುದು ರಾಜ್ಯದ ಬೊಕ್ಕಸ. ಅಧ್ಯಾಪಕರ ಸಂಬಳ, ನಿವೃತ್ತಿ ವೇತನ, ಕಟ್ಟಡ, ಗ್ರಂಥಾಲಯ, ವಿದ್ಯಾರ್ಥಿವೇತನ ಎಲ್ಲಕ್ಕೂ ಮೂಲ ತೆರಿಗೆ. ಸೋಪು, ಸಕ್ಕರೆ ಕೊಳ್ಳುವ ಕೂಲಿಕಾರನೂ ತೆರಿಗೆ ಕಟ್ಟುತ್ತಾನೆ. ಕಾಲೇಜಿನ ಮೆಟ್ಟಿಲು ಹತ್ತುವವರು ಮಾತ್ರ ಸಮಾಜದ ಒಂದು ಭಾಗ. ಎಲ್ಲರ ಹಣದಿಂದ ಕೆಲವರಿಗೆ ಉನ್ನತ ಶಿಕ್ಷಣ ಕೊಡುವುದಕ್ಕೆ ನೈತಿಕ ಆಧಾರವೇನು? ಪ್ರಶ್ನೆ ಅರ್ಥಶಾಸ್ತ್ರದ್ದೆಂದು ತೋರಿದರೂ ಅದರ ಬೇರು ಧರ್ಮವಿಚಾರದಲ್ಲಿದೆ. ವಿದ್ಯೆ ಕೊಡುವವರು, ಪಡೆಯುವವರು, ಅದಕ್ಕೆ ಹಣ ಒದಗಿಸುವವರು, ಈ ಮೂವರ ನಡುವಿನ ಸಂಬಂಧ ಎಂಥದು ಎಂಬುದು ಇತ್ಯರ್ಥವಾಗದೆ ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಎಂಬುದು ಇತ್ಯರ್ಥವಾಗದು. ಕನ್ನಡ ನಾಡಿನ ಇತಿಹಾಸದಲ್ಲಿ ಈ ಸಂಬಂಧವನ್ನು ನಾಲ್ಕು ಬಗೆಯಲ್ಲಿ ಕಂಡಿದ್ದಾರೆ: ದಾನವಾಗಿ, ಬೆಲೆ ತೆತ್ತು ಪಡೆಯುವ ಸೇವೆಯಾಗಿ, ಹಕ್ಕಾಗಿ, ಋಣವಾಗಿ. ಮೊದಲ ಮೂರಕ್ಕೂ ತಮ್ಮದೇ ಬಲವಿದೆ, ತಮ್ಮದೇ ಕೊರತೆಯೂ ಇದೆ. ಆ ಕೊರತೆಗಳನ್ನು ತುಂಬುವ ಶಕ್ತಿ ನಾಲ್ಕನೆಯದಕ್ಕಿದೆ, ಆದರೆ ಅದನ್ನು ಹಳೆಯ ರೂಪದಲ್ಲಿ ಹಾಗೆಯೇ ಒಪ್ಪಿಕೊಳ್ಳಲಾಗದು.

ದಾನವಾಗಿ ವಿದ್ಯೆ

ಎಲ್ಲ ದಾನಗಳಿಗಿಂತ ವಿದ್ಯೆಯ ದಾನ ಮೇಲು ಎಂಬುದು ಧರ್ಮಶಾಸ್ತ್ರಗಳ ನಿಲುವು. ಜೈನರು ಎಣಿಸುವ ಚತುರ್ವಿಧ ದಾನಗಳಲ್ಲಿ ಆಹಾರ, ಅಭಯ, ಔಷಧಗಳ ಜೊತೆಗೆ ಶಾಸ್ತ್ರದಾನವೂ ಸೇರಿದೆ. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದು ಈ ನಂಬಿಕೆಯ ಫಲ.

ವಿದ್ಯಾಸ್ಥಾನಗಳಿಗೆ ದತ್ತಿ ಬಿಟ್ಟ ಬಗೆಯನ್ನು ಶಾಸನಗಳು ವಿವರವಾಗಿ ಹೇಳುತ್ತವೆ. ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಸಚಿವ ನಾರಾಯಣ ಕಟ್ಟಿಸಿದ ಶಾಲೆಯ ವಿಷಯ 945ರ ಶಾಸನದಲ್ಲಿದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ ಅಲ್ಲಿ 27 ವಸತಿಗಳಿದ್ದವು. ಅವುಗಳ ನಿರ್ವಹಣೆಗೆ, ದೀಪಕ್ಕೆ, ಅಧ್ಯಾಪಕನ ಜೀವನಕ್ಕೆ ಬೇರೆ ಬೇರೆಯಾಗಿ ಭೂಮಿ ಬಿಟ್ಟಿದ್ದರು. ಇಷ್ಟೇ ಸಾಲದೆಂದು ಊರಿನ ಬ್ರಾಹ್ಮಣ ಕುಟುಂಬಗಳು ಮದುವೆ, ಉಪನಯನ, ಚೌಲಗಳ ಸಂದರ್ಭದಲ್ಲಿ ಇಂತಿಷ್ಟು ಹಣ ಸಲ್ಲಿಸಬೇಕೆಂಬ ಕಟ್ಟಳೆಯೂ ಇತ್ತು. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದಲ್ಲಿ, 1058ರ ಶಾಸನದ ಪ್ರಕಾರ, ವೇದ ಓದುವ 200 ಮಂದಿಗೂ ಶಾಸ್ತ್ರ ಓದುವ ಸುಮಾರು 50 ಮಂದಿಗೂ ವ್ಯವಸ್ಥೆಯಿತ್ತು. ಪುಸ್ತಕ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ ವೇದ, ವ್ಯಾಕರಣ, ದರ್ಶನಗಳ ಪಾಠದ ಜೊತೆಗೆ ಅನಾಥರಿಗೆ ಅನ್ನ, ರೋಗಿಗಳಿಗೆ ಮದ್ದು ಕೊಡುವುದನ್ನೂ ಮಠದ ಕೆಲಸವೆಂದು ಎಣಿಸುತ್ತದೆ.

ಈ ದತ್ತಿಗಳಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ಮೊದಲನೆಯದು ಶಾಶ್ವತತೆ. ವರ್ಷವರ್ಷವೂ ಕೈಚಾಚಬೇಕಾದ ಹಣದ ಬದಲು ಸರ್ವಮಾನ್ಯವಾದ ಭೂಮಿಯೇ ಶಾಲೆಯ ಆಸ್ತಿಯಾಗುತ್ತಿತ್ತು. ಅರಸನ ಮರ್ಜಿ ಬದಲಾದರೂ ಆದಾಯ ನಿಲ್ಲುತ್ತಿರಲಿಲ್ಲ. ಎರಡನೆಯದು, ಶಾಸನಗಳ ಕೊನೆಯಲ್ಲಿ ತಪ್ಪದೆ ಬರುವ ವಿಚಾರ: ಕೊಡುವುದಕ್ಕಿಂತ, ಹಿಂದಿನವರು ಕೊಟ್ಟದ್ದನ್ನು ಕಾಪಾಡುವುದು ಹೆಚ್ಚಿನ ಪುಣ್ಯ, ಅಪಹರಿಸಿದವನಿಗೆ ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಾಪ. ಹೊಸದನ್ನು ಕಟ್ಟಿ ಹೆಸರು ಪಡೆಯುವ ಆಸೆ ಅಧಿಕಾರದಲ್ಲಿರುವವರಿಗೆ ಸಹಜವೆಂದು ಅರಿತೇ ಈ ನೀತಿ ಪಾಲನೆಯನ್ನು ಮೇಲಿಟ್ಟಿದೆ.

ದಾನದ ಕೊರತೆಯೂ ಇದೇ ಶಾಸನಗಳಲ್ಲಿ ಕಾಣುತ್ತದೆ. ದಾನಕ್ಕೆ ಪಾತ್ರರು ಬೇಕು. ಪಾತ್ರರು ಯಾರೆಂದು ನಿರ್ಧರಿಸುವವನು ದಾನಿ. ಅಗ್ರಹಾರದ ಹೊಲ ಉತ್ತವನ ದುಡಿಮೆಯಿಂದ ಘಟಿಕಾಸ್ಥಾನ ನಡೆಯಿತು, ಅವನ ಮಗನಿಗೆ ಅಲ್ಲಿ ಪ್ರವೇಶವಿರಲಿಲ್ಲ. ಪುಣ್ಯ ದಾನಿಗೆ, ವಿದ್ಯೆ ಪಾತ್ರನಿಗೆ. ಬೆಳೆ ಬೆಳೆದವನಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಹನ್ನೆರಡನೆಯ ಶತಮಾನದ ಶರಣರು ದಾನದ ಜಾಗದಲ್ಲಿ ದಾಸೋಹವನ್ನು ಇಟ್ಟದ್ದು ಇದಕ್ಕೇ. ಕೊಡುವವನು ತನ್ನದನ್ನು ಕೊಡುತ್ತಿಲ್ಲ, ಕಾಯಕದಿಂದ ಬಂದುದರಲ್ಲಿ ಸಮಾಜಕ್ಕೆ ಸೇರಿದ್ದನ್ನು ಸಮಾಜಕ್ಕೆ ಒಪ್ಪಿಸುತ್ತಿದ್ದಾನೆ ಎಂಬುದು ಆ ನೋಟ. ಅಲ್ಲಿ ದಾನಿಯ ಅಹಂಕಾರಕ್ಕೂ ಪಡೆಯುವವನ ದೈನ್ಯಕ್ಕೂ ಎಡೆಯಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಸಿದ್ಧಗಂಗೆ, ಸುತ್ತೂರು, ಸಿರಿಗೆರೆಯಂಥ ಮಠಗಳು ವಿದ್ಯಾರ್ಥಿನಿಲಯ, ಶಾಲೆ, ಕಾಲೇಜುಗಳನ್ನು ಕಟ್ಟಿದಾಗ ಅವುಗಳ ಬೆನ್ನಿಗಿದ್ದದ್ದು ಈ ವಿಚಾರವೇ.

ಬೆಲೆ ಕಟ್ಟಬಹುದೇ?

ವಿದ್ಯೆಯನ್ನು ಮಾರಬಾರದೆಂಬುದು ಹಳೆಯ ನಿಷೇಧ. ಕೂಲಿ ಗೊತ್ತುಮಾಡಿಕೊಂಡು ಪಾಠ ಹೇಳುವವನನ್ನು ಮನುಸ್ಮೃತಿ ಶ್ರಾದ್ಧದ ಪಂಕ್ತಿಗೆ ಅರ್ಹನಲ್ಲದವರ ಪಟ್ಟಿಗೆ ಸೇರಿಸುತ್ತದೆ. ಗುರುದಕ್ಷಿಣೆಗೆ ಒಪ್ಪಿಗೆಯುಂಟು, ಆದರೆ ಅದು ವಿದ್ಯೆ ಮುಗಿದ ಮೇಲೆ, ಶಿಷ್ಯನ ಶಕ್ತಿಗೆ ತಕ್ಕಂತೆ. ಮೊದಲೇ ಬೆಲೆ ಕಟ್ಟಿದರೆ ಪಾಠ ಕೇಳುವ ಯೋಗ್ಯತೆಯನ್ನು ಹಣ ನಿರ್ಧರಿಸುತ್ತದೆ ಎಂಬುದು ಈ ನಿಯಮದ ಒಳಗಿರುವ ಆತಂಕ.

ಇದಕ್ಕೆ ನೇರ ಎದುರಾಗಿ ನಿಂತ ವಾದ ಆಡಂ ಸ್ಮಿತ್‌ನದು. ಆಕ್ಸ್‌ಫರ್ಡಿನಲ್ಲಿ ಓದಿದ್ದ ಆತ 1776ರ ‘ರಾಷ್ಟ್ರಗಳ ಸಂಪತ್ತು’ ಗ್ರಂಥದಲ್ಲಿ, ದತ್ತಿಯಿಂದಲೇ ಹೊಟ್ಟೆ ತುಂಬುವ ಅಲ್ಲಿನ ಪ್ರಾಧ್ಯಾಪಕರಲ್ಲಿ ಹೆಚ್ಚಿನವರು ಪಾಠದ ನಟನೆಯನ್ನೂ ಬಿಟ್ಟಿದ್ದಾರೆಂದು ಬರೆದ. ಶಿಷ್ಯರು ಕೊಡುವ ಶುಲ್ಕದ ಮೇಲೆ ಅಧ್ಯಾಪಕನ ಜೀವನ ನಿಂತಿದ್ದರೆ ಆತ ಶ್ರದ್ಧೆಯಿಂದ ಕಲಿಸುತ್ತಾನೆ ಎಂಬುದು ಅವನ ಎಣಿಕೆ. ಎರಡು ವಾದಗಳಲ್ಲೂ ತಿರುಳಿದೆ. ದತ್ತಿ ಆಲಸ್ಯವನ್ನು ಸಾಕಬಲ್ಲದು. ಶುಲ್ಕ ದಾಕ್ಷಿಣ್ಯವನ್ನು ಸಾಕಬಲ್ಲದು. ಕೊಳ್ಳುವವರಿಗೆ ಬೇಕಾದ್ದನ್ನು ಮಾತ್ರ ಕಲಿಸುವ ಸಂಸ್ಥೆಯಲ್ಲಿ ಹಳಗನ್ನಡಕ್ಕೂ ಶುದ್ಧ ಗಣಿತಕ್ಕೂ ತರ್ಕಶಾಸ್ತ್ರಕ್ಕೂ ಜಾಗ ಉಳಿಯುವುದು ಕಷ್ಟ. ಕೆಲಸ ಪರೀಕ್ಷಿಸದ ಸಂಸ್ಥೆಯಲ್ಲಿ ಇವು ಹೆಸರಿಗಷ್ಟೇ ಉಳಿಯುವ ಅಪಾಯವೂ ಅಷ್ಟೇ ನಿಜ.

ತೆರಿಗೆಯೆಂಬ ಹೊಸ ಸಂಬಂಧ

ಆಧುನಿಕ ರಾಜ್ಯ ವಿದ್ಯೆಯ ಭಾರ ಹೊತ್ತಾಗ ಪ್ರಶ್ನೆಯ ಸ್ವರೂಪವೇ ಬದಲಾಯಿತು. 1854ರ ವುಡ್ ಆದೇಶಪತ್ರ ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡುವ ಪದ್ಧತಿಯನ್ನು ತಂದಿತು. ಮಿಷನ್ ಶಾಲೆಗಾದರೂ ಸರಿ, ಹಣ ಲೌಕಿಕ ಶಿಕ್ಷಣಕ್ಕೆ ಮಾತ್ರ ಎಂಬುದು ಅದರ ನಿಬಂಧನೆ. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಬ್ರಿಟಿಷ್ ಆಳ್ವಿಕೆಯ ಪ್ರಾಂತ್ಯಗಳ ಹೊರಗೆ, ದೇಶೀ ಸಂಸ್ಥಾನವೊಂದರ ಬಲದ ಮೇಲೆ ನಿಂತ ಮೊದಲ ವಿಶ್ವವಿದ್ಯಾಲಯ ಅದು.

ಅರಸನ ಹೆಸರಿನಲ್ಲಿ ನಡೆದರೂ ಇದು ಹಳೆಯ ಅರ್ಥದ ದಾನವಾಗಿರಲಿಲ್ಲ. ದಾನ ಇಚ್ಛೆಯಿಂದ ಬರುವಂಥದು, ತೆರಿಗೆ ಕಾನೂನಿನ ಬಲದಿಂದ ಬರುವಂಥದು. ಒತ್ತಾಯದಿಂದ ಪಡೆದ ಹಣಕ್ಕೆ ಸಮರ್ಥನೆ ಬೇಕು. ದಾನಕ್ಕೆ ಅದು ಬೇಡ. ತೆರಿಗೆಯ ಹಣ ಹಂಚುವವನು ದಾನಿಯಾಗಲಾರ, ಹೆಚ್ಚೆಂದರೆ ಪಾರುಪತ್ಯಗಾರ. ಹಾಗಾಗಿ ಹಣ ಕೊಟ್ಟ ಸಮುದಾಯಗಳೆಲ್ಲ ತಮ್ಮ ಮಕ್ಕಳ ಪಾಲೆಷ್ಟೆಂದು ಕೇಳುವುದು ನ್ಯಾಯವಾಯಿತು. ಮೈಸೂರಿನಲ್ಲಿ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾದದ್ದು, ಹಿಂದುಳಿದ ವರ್ಗಗಳಿಗೆ ವಿದ್ಯಾರ್ಥಿವೇತನ ಮತ್ತು ಉದ್ಯೋಗದಲ್ಲಿ ಅವಕಾಶದ ಮಾತು ಬಂದದ್ದು ಈ ಹಿನ್ನೆಲೆಯಲ್ಲೇ. ಧಾರವಾಡ, ಬೆಳಗಾವಿ, ವಿಜಯಪುರಗಳು ಸೇರಿದ್ದ ಮುಂಬಯಿ ಪ್ರಾಂತ್ಯದ ಶಾಸನಸಭೆಯಲ್ಲಿ 1927ರಲ್ಲಿ ಅಂಬೇಡ್ಕರ್ ಇದನ್ನು ಇನ್ನೂ ನೇರವಾಗಿ ಎತ್ತಿದರು. ಕಾಲೇಜು ಖರ್ಚಿನ ದೊಡ್ಡ ಭಾಗವನ್ನು ಸರ್ಕಾರ ಶುಲ್ಕದಿಂದಲೇ ವಸೂಲು ಮಾಡುತ್ತಿರುವುದನ್ನು ತೋರಿಸಿ, ಕೆಳವರ್ಗಗಳಿಗೆ ಉನ್ನತ ಶಿಕ್ಷಣ ಸಾಧ್ಯವಾದಷ್ಟು ಅಗ್ಗವಾಗಿರಬೇಕೆಂದು ವಾದಿಸಿದರು.

ಹಕ್ಕಿನ ವಾದ ಮತ್ತು ಅದರ ಎಲ್ಲೆ

ಸಂವಿಧಾನದ 41ನೆಯ ವಿಧಿ ಶಿಕ್ಷಣದ ಹಕ್ಕನ್ನು ರಾಜ್ಯದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಇರಿಸಿತು. ಮೊದಲು ರಾಜ್ಯಪಟ್ಟಿಯಲ್ಲಿದ್ದ ಶಿಕ್ಷಣ 1976ರ 42ನೆಯ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಬಂದರೂ ರಾಜ್ಯ ವಿಶ್ವವಿದ್ಯಾಲಯಗಳ ಸಂಬಳದ ಹೊರೆ ರಾಜ್ಯಗಳ ಹೆಗಲಲ್ಲೇ ಉಳಿಯಿತು. ಈ ಹಕ್ಕಿನ ಅರ್ಥವೇನೆಂಬ ದೊಡ್ಡ ಚರ್ಚೆಯ ಎರಡು ತುದಿಗಳಲ್ಲೂ ಇರುವುದು ಕರ್ನಾಟಕದಿಂದ ಹೋದ ಪ್ರಕರಣಗಳೇ. ರಾಜ್ಯ ಸರ್ಕಾರದ 1989ರ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ ಶುಲ್ಕವಿತ್ತು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬೇರೆ ಹೆಸರಿನ ಕ್ಯಾಪಿಟೇಶನ್ ಶುಲ್ಕವೆಂದು ಕಂಡು, ಎಲ್ಲ ಹಂತದ ಶಿಕ್ಷಣವೂ ಹಕ್ಕು ಎಂದಿತು. ಮರುವರ್ಷವೇ ಉಣ್ಣಿಕೃಷ್ಣನ್ ತೀರ್ಪು ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗೆ ಮಿತಿಗೊಳಿಸಿ, ಅಲ್ಲಿಂದಾಚೆಗೆ ರಾಜ್ಯದ ಸಾಮರ್ಥ್ಯಕ್ಕೆ ಬಿಟ್ಟಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಶಿಕ್ಷಣ ಸಂಸ್ಥೆ ನಡೆಸುವುದು ಉದ್ಯೋಗ ಸ್ವಾತಂತ್ರ್ಯದ ವ್ಯಾಪ್ತಿಗೆ ಬರುತ್ತದೆ, ಆದರೆ ಲಾಭಕೋರತನ ಸಲ್ಲದು ಎಂದಿತು.

ಈ ಹತ್ತು ವರ್ಷಗಳ ಓಲಾಟ ಹಕ್ಕಿನ ಕಲ್ಪನೆಯ ಒಳತೊಡಕನ್ನೇ ತೋರಿಸುತ್ತದೆ. ಹಕ್ಕು ಇರುವಲ್ಲಿ ಅದನ್ನು ಪೂರೈಸುವ ಕರ್ತವ್ಯ ಮತ್ತೊಬ್ಬರ ಮೇಲಿರಬೇಕು. ಪ್ರಾಥಮಿಕ ಶಿಕ್ಷಣ ಎಲ್ಲರಿಗೂ ಒಂದೇ ಆದ್ದರಿಂದ ಅಲ್ಲಿ ಕರ್ತವ್ಯವನ್ನು ಗುರುತಿಸುವುದು ಸುಲಭ. ಉನ್ನತ ಶಿಕ್ಷಣ ಎಲ್ಲರಿಗೂ ಸಲ್ಲುವುದಿಲ್ಲ, ಎಲ್ಲರೂ ಬಯಸುವುದೂ ಇಲ್ಲ. ಆದ್ದರಿಂದ ಪಡೆಯುವವನ ಹಕ್ಕನ್ನಷ್ಟೇ ಹಿಡಿದರೆ, ಪಡೆಯದವನು ಏಕೆ ಹಣ ಕೊಡಬೇಕೆಂಬ ಪ್ರಶ್ನೆ ಉತ್ತರವಿಲ್ಲದೆ ಉಳಿಯುತ್ತದೆ.

ಓದದವನು ಏಕೆ ಕೊಡಬೇಕು?

ಇದೇ ಪ್ರಶ್ನೆಯನ್ನು ಮಿಲ್ಟನ್ ಫ್ರೀಡ್‌ಮನ್ 1955ರ ಪ್ರಬಂಧವೊಂದರಲ್ಲಿ ಎತ್ತಿದ. ವೃತ್ತಿಶಿಕ್ಷಣದ ಫಲ ಹೆಚ್ಚಿನ ಆದಾಯವಾಗಿ ಕಲಿತವನ ಕೈಗೇ ಸೇರುವುದರಿಂದ ಅದರ ಖರ್ಚೂ ಅವನದೇ. ಸರ್ಕಾರ ಬೇಕಾದರೆ ಹಣ ಹೂಡಿ, ಮುಂದೆ ಅವನ ಗಳಿಕೆಯಲ್ಲಿ ಪಾಲು ಪಡೆಯಲಿ ಎಂಬುದು ಆತನ ಸಲಹೆ. ಆಸ್ಟ್ರೇಲಿಯ 1989ರಲ್ಲಿ, ಆದಾಯ ಒಂದು ಮಟ್ಟ ದಾಟಿದ ಮೇಲೆ ತೆರಿಗೆಯ ಜೊತೆ ಮರಳಿಸುವ ವಿದ್ಯಾರ್ಥಿ ಸಾಲವನ್ನು ಜಾರಿಗೆ ತಂದಿತು. ಇಂಗ್ಲೆಂಡ್ 1998ರಲ್ಲಿ ಬೋಧನಾ ಶುಲ್ಕ ವಿಧಿಸಿ, 2012ರಲ್ಲಿ ಅದರ ಮಿತಿಯನ್ನು 9,000 ಪೌಂಡಿಗೆ ಏರಿಸಿತು.

ಈ ವಾದಕ್ಕೆ ಎರಡು ಉತ್ತರಗಳಿವೆ. ಒಂದು, ವಿದ್ಯೆಯ ಫಲ ಪದವಿ ಪಡೆದವನಲ್ಲೇ ನಿಲ್ಲುವುದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರ ಮಾಡಿ ಇಂಡಾಫ್ ತಳಿಗಳನ್ನು ಬೆಳೆಸಿದರು. ಅವುಗಳ ಇಳುವರಿ ಕಂಡ ರೈತರಲ್ಲಿ ಹೆಚ್ಚಿನವರು ಕಾಲೇಜಿನ ಮುಖ ನೋಡಿದವರಲ್ಲ. ಹಳ್ಳಿಯ ಶಾಲಾಶಿಕ್ಷಕಿ, ತಾಲ್ಲೂಕು ಆಸ್ಪತ್ರೆಯ ವೈದ್ಯ, ಕೆರೆಯ ಏರಿಯನ್ನು ಪರೀಕ್ಷಿಸುವ ಎಂಜಿನಿಯರ್ ಎಲ್ಲರೂ ಯಾವುದೋ ಕಾಲೇಜಿನಿಂದಲೇ ಬಂದವರು. ಇನ್ನೊಂದು, ಸಾರ್ವಜನಿಕ ಹಣ ಹಿಂದೆಗೆದರೆ ಕೂಲಿಕಾರನ ಜೇಬಿಗೆ ಉಳಿತಾಯವೇನೂ ಮರಳದು. ಅವನ ಮಗಳಿಗೆ ತೆರೆದಿದ್ದ ಬಾಗಿಲು ಮುಚ್ಚುವುದಷ್ಟೇ ಫಲ.

ಆದರೂ ಫ್ರೀಡ್‌ಮನ್ನನ ಆಕ್ಷೇಪದ ಒಂದು ಮೊನೆ ಉಳಿಯುತ್ತದೆ. ಸರ್ಕಾರಿ ಹಣದಿಂದ ನಡೆಯುವ ಸೀಟುಗಳಲ್ಲಿ ಉಳ್ಳವರ ಮಕ್ಕಳೇ ತುಂಬಿಕೊಂಡರೆ, ಬಡವರ ತೆರಿಗೆ ಮೇಲ್ಮುಖವಾಗಿ ಹರಿದಂತೆ. ಅಸಮಾನತೆ ಒಪ್ಪತಕ್ಕದ್ದಾಗಬೇಕಾದರೆ ಅದು ಎಲ್ಲರಿಗಿಂತ ಕೆಳಗಿರುವವರಿಗೆ ಹೆಚ್ಚು ಹಿತವಾಗಿರಬೇಕು, ಅವಕಾಶ ಎಲ್ಲರಿಗೂ ನ್ಯಾಯವಾಗಿ ತೆರೆದಿರಬೇಕು ಎಂಬ ಜಾನ್ ರಾಲ್ಸ್‌ನ 1971ರ ಸೂತ್ರ ಇಲ್ಲಿ ಅಳತೆಗೋಲಾಗುತ್ತದೆ. ಮೀಸಲಾತಿ, ವಿದ್ಯಾರ್ಥಿನಿಲಯ, ಶುಲ್ಕ ವಿನಾಯಿತಿ ಇವು ಅನುದಾನದ ಮೇಲಿನ ಹೆಚ್ಚುವರಿ ಉಪಕಾರಗಳಲ್ಲ; ಅನುದಾನ ನ್ಯಾಯಸಮ್ಮತವಾಗಲು ಬೇಕಾದ ಷರತ್ತುಗಳು.

ಋಣವಾಗಿ ವಿದ್ಯೆ

ಹುಟ್ಟುವ ಬ್ರಾಹ್ಮಣ ಮೂರು ಋಣಗಳೊಡನೆ ಹುಟ್ಟುತ್ತಾನೆ, ಋಷಿಋಣವನ್ನು ಬ್ರಹ್ಮಚರ್ಯದಿಂದ, ಎಂದರೆ ಅಧ್ಯಯನದಿಂದ, ತೀರಿಸಬೇಕು ಎನ್ನುತ್ತದೆ ತೈತ್ತಿರೀಯ ಸಂಹಿತೆ. ಶತಪಥ ಬ್ರಾಹ್ಮಣ ಇದನ್ನು ವಿಸ್ತರಿಸಿ, ಇರುವವರೆಲ್ಲರೂ ಋಣಿಗಳಾಗಿಯೇ ಹುಟ್ಟಿದವರೆಂದು ಹೇಳಿ, ದೇವ, ಋಷಿ, ಪಿತೃಗಳ ಜೊತೆಗೆ ಮನುಷ್ಯರ ಋಣವನ್ನೂ ಸೇರಿಸುತ್ತದೆ. ಇದರ ತರ್ಕ ಸರಳ. ಇಂದಿನ ಯಾರೂ ಲಿಪಿಯನ್ನು ಕಂಡುಹಿಡಿದವರಲ್ಲ, ಸ್ಥಾನಬೆಲೆಯ ಅಂಕಿಗಳನ್ನು ರೂಪಿಸಿದವರಲ್ಲ, ಸಿಡುಬಿಗೆ ಲಸಿಕೆ ಹುಡುಕಿದವರಲ್ಲ. ಆದರೂ ಓದಿದವರು, ಓದದವರು ಎಲ್ಲರೂ ಇವುಗಳ ಮೇಲೆ ಬದುಕುತ್ತಾರೆ. ಕೊಟ್ಟವರು ಈಗಿಲ್ಲವಾದ್ದರಿಂದ ಅವರಿಗೆ ಮರಳಿಸಲಾಗದು. ಮುಂದಿನವರಿಗೆ ದಾಟಿಸುವುದೊಂದೇ ತೀರಿಸುವ ದಾರಿ.

ಈ ನೋಟದಿಂದ ಹಿಂದಿನ ತೊಡಕುಗಳು ಸಡಿಲಗೊಳ್ಳುತ್ತವೆ. ಓದದವನೂ ಪಿತ್ರಾರ್ಜಿತ ಜ್ಞಾನದ ಫಲಾನುಭವಿಯಾದ್ದರಿಂದ ಅವನ ತೆರಿಗೆಗೆ ಆಧಾರ ಸಿಗುತ್ತದೆ. ಸರ್ಕಾರ ದಾನಿಯ ಪೀಠದಿಂದ ಇಳಿದು, ತಲೆಮಾರುಗಳ ನಡುವಿನ ಬಾಕಿಯನ್ನು ಸಲ್ಲಿಸುವ ಕೈಯಾಗುತ್ತದೆ. ವಿದ್ಯಾರ್ಥಿ ಗಿರಾಕಿಯೂ ಅಲ್ಲ, ಭಿಕ್ಷುಕನೂ ಅಲ್ಲ. ಪಡೆದುದನ್ನು ಮುಂದೆ ದಾಟಿಸುವ ಹೊಣೆ ಹೊತ್ತವನು. ಫ್ರೀಡ್‌ಮನ್ನನ ಸಲಹೆಯೂ ಮೇಲ್ನೋಟಕ್ಕೆ ಋಣದಂತೆಯೇ ಕಾಣುತ್ತದೆ, ಆದರೆ ಅದು ಒಬ್ಬ ವ್ಯಕ್ತಿಯ ಲೆಕ್ಕ. ಹಣ ಕಟ್ಟಿದೊಡನೆ ಮುಗಿಯುತ್ತದೆ, ಕಟ್ಟಿದವನು ಆಮೇಲೆ ಸಮಾಜಕ್ಕೆ ಏನೂ ಸಲ್ಲಿಸಬೇಕಿಲ್ಲ. ವಿದ್ಯೆಯ ಋಣ ತೀರುವುದು ಕೆಲಸದಲ್ಲಿ. ವೈದ್ಯ ಪದವೀಧರರು ಒಂದು ವರ್ಷ ಗ್ರಾಮೀಣ ಸೇವೆ ಸಲ್ಲಿಸಬೇಕೆಂಬ ಕರ್ನಾಟಕದ 2012ರ ಕಾಯ್ದೆ ಈ ಭಾವನೆಗೆ ಕಾನೂನಿನ ರೂಪ ಕೊಡುವ ಪ್ರಯತ್ನ.

ಋಣದ ಕಲ್ಪನೆಗೆ ಗಂಭೀರವಾದ ಆಕ್ಷೇಪವೊಂದಿದೆ. ಈ ನೆಲದಲ್ಲಿ ಅಜ್ಜನ ಸಾಲಕ್ಕೆ ಮೊಮ್ಮಗ ಜೀತವಿದ್ದ ಇತಿಹಾಸವಿದೆ. ಜೀತಪದ್ಧತಿಯನ್ನು ರದ್ದುಮಾಡಲು 1976ರಲ್ಲಿ ಕಾನೂನೇ ಬೇಕಾಯಿತು. ಶತಮಾನಗಳ ಕಾಲ ಅಕ್ಷರದಿಂದ ದೂರವಿಟ್ಟ ಸಮುದಾಯದಿಂದ ಮೊದಲ ಬಾರಿಗೆ ಕಾಲೇಜಿಗೆ ಬಂದವಳನ್ನು ಋಣಿ ಎಂದು ಕರೆಯುವುದು ಅನ್ಯಾಯ. ಅವಳ ಹಿರಿಯರು ಹೊಲ ಉತ್ತು ಘಟಿಕಾಸ್ಥಾನಗಳನ್ನು ಸಾಕಿದರು, ಪ್ರತಿಯಾಗಿ ಏನೂ ಪಡೆಯಲಿಲ್ಲ. ಆದ್ದರಿಂದ ಇಲ್ಲಿ ಋಣದ ದಿಕ್ಕು ತಿರುಗುತ್ತದೆ: ಅವಳಿಗೆ ಸಮಾಜವೇ ಬಾಕಿದಾರ. ಹೀಗೆ ತಿದ್ದಿಕೊಂಡಾಗ ಮಾತ್ರ ಋಷಿಋಣದ ಹಳೆಯ ವಿಚಾರ ಸಮಾನತೆಯ ಸಂವಿಧಾನದೊಡನೆ ಹೊಂದುತ್ತದೆ.

ಹಣ ಕೊಟ್ಟವರ ಮಾತು ಎಲ್ಲಿಯವರೆಗೆ?

ಬಾಕಿ ತೀರಿಸುವವನಿಗೆ ಪಡೆಯುವವನ ಮೇಲೆ ಅಧಿಕಾರವಿಲ್ಲ. ಬೋಧನೆ, ಸಂಶೋಧನೆಗಳ ಸ್ವಾತಂತ್ರ್ಯಕ್ಕೆ ಇಲ್ಲಿಂದಲೇ ಆಧಾರ ದೊರೆಯುತ್ತದೆ. ತತ್ತ್ವಶಾಸ್ತ್ರ ವಿಭಾಗ ಸರ್ಕಾರದ ಅಪ್ಪಣೆಗೆ ಒಳಪಡದೆ ಸತ್ಯವನ್ನಷ್ಟೇ ಪರೀಕ್ಷಿಸಬೇಕೆಂದು ಕಾಂಟ್ 1798ರಲ್ಲಿ ವಾದಿಸಿದ್ದ. ಬರ್ಲಿನ್ ವಿಶ್ವವಿದ್ಯಾಲಯವನ್ನು ರೂಪಿಸಿದ ವಿಲ್‌ಹೆಲ್ಮ್ ಫಾನ್ ಹುಂಬೋಲ್ಟ್ ಅದಕ್ಕೆ ಅರಮನೆಯ ಜಮೀನುಗಳನ್ನೇ ಶಾಶ್ವತ ಆದಾಯವಾಗಿ ಕೊಡಿಸಲು ಬಯಸಿದ. ಅವನ ನಂತರ ಬಂದವರು ಅದನ್ನು ಕೈಬಿಟ್ಟು ವಾರ್ಷಿಕ ಅನುದಾನವನ್ನೇ ಉಳಿಸಿಕೊಂಡರು. ಸಾಲೋಟಗಿಯ ದತ್ತಿಯ ಹಿಂದಿದ್ದ ವಿವೇಕವೂ ಹುಂಬೋಲ್ಟನ ಆಸೆಯೂ ಒಂದೇ. ಪ್ರತಿವರ್ಷದ ಬಜೆಟ್ಟಿನ ಮೇಲೆ ನಿಂತ ವಿಶ್ವವಿದ್ಯಾಲಯಕ್ಕೆ ಈ ಭದ್ರತೆಯಿಲ್ಲ. ಹಾಗೆಂದು ಹೊಣೆಗಾರಿಕೆ ಬೇಡವೆಂದಲ್ಲ. ಹಣದ ಲೆಕ್ಕ, ಪಾಠದ ದಿನಗಳು, ನೇಮಕಾತಿಯ ಪ್ರಾಮಾಣಿಕತೆ ಇವನ್ನು ಕೇಳುವ ಅಧಿಕಾರ ಸಾರ್ವಜನಿಕರಿಗಿದೆ. ಯಾವ ತೀರ್ಮಾನಕ್ಕೆ ಬರಬೇಕೆಂದು ವಿದ್ವಾಂಸನಿಗೆ ಹೇಳುವ ಅಧಿಕಾರವಿಲ್ಲ.

ಧರ್ಮದ ವಿಷಯದಲ್ಲಿ ಈ ಗೆರೆ ಇನ್ನೂ ಸೂಕ್ಷ್ಮ. ಯಾವುದೇ ಒಂದು ಮತದ ಪೋಷಣೆಗಾಗಿ ತೆರಿಗೆ ಕಟ್ಟುವಂತೆ ಯಾರನ್ನೂ ಬಲವಂತ ಮಾಡಬಾರದೆಂದು 27ನೆಯ ವಿಧಿಯೂ, ಪೂರ್ತಿಯಾಗಿ ರಾಜ್ಯದ ಹಣದಿಂದ ನಡೆಯುವ ಸಂಸ್ಥೆಯಲ್ಲಿ ಮತಬೋಧನೆ ಸಲ್ಲದೆಂದು 28ನೆಯ ವಿಧಿಯೂ ಹೇಳುತ್ತವೆ. ಸಹಾಯಧನ ಪಡೆಯುವ ಮಠದ ಅಥವಾ ಚರ್ಚಿನ ಕಾಲೇಜಿನಲ್ಲಿ ಮತಬೋಧನೆ ಇರಬಹುದು, ಆದರೆ ಒಪ್ಪಿಗೆಯಿಲ್ಲದೆ ಯಾರನ್ನೂ ಅದಕ್ಕೆ ಕೂರಿಸುವಂತಿಲ್ಲ. ಅಲ್ಪಸಂಖ್ಯಾತರ ಸಂಸ್ಥೆಯೆಂಬ ಕಾರಣಕ್ಕೆ ಸಹಾಯಧನದಲ್ಲಿ ತಾರತಮ್ಯವನ್ನೂ 30ನೆಯ ವಿಧಿ ತಡೆಯುತ್ತದೆ. ಹಾಗಾದರೆ ವಚನ, ಜೈನಾಗಮ, ವೇದಾಂತಗಳ ಪಾಠಕ್ಕೆ ಸಾರ್ವಜನಿಕ ಹಣ ಬಳಸಬಹುದೇ? 1971ರ ಡಿ.ಎ.ವಿ. ಕಾಲೇಜು ಪ್ರಕರಣದಲ್ಲೂ 2002ರ ಅರುಣಾ ರಾಯ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್, ಧರ್ಮವನ್ನು ಕುರಿತ ಅಧ್ಯಯನ ಬೇರೆ, ಮತಬೋಧನೆ ಬೇರೆ ಎಂದು ವಿಂಗಡಿಸಿದೆ. ಮೈಸೂರು ವಿಶ್ವವಿದ್ಯಾಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗದಂಥವು ನಿಂತಿರುವುದು ಈ ವಿಂಗಡಣೆಯ ಮೇಲೆ. ಅಲ್ಲಿ ಗ್ರಂಥವನ್ನು ಪ್ರಶ್ನಿಸುವ ಅವಕಾಶ ಇರುವವರೆಗೆ ಮಾತ್ರ ಅದು ಅಧ್ಯಯನ.

ಪಾಲನೆಯ ಧರ್ಮ

ಋಣದ ನೋಟ ಮೊತ್ತವನ್ನು ಹೇಳಿಕೊಡುವುದಿಲ್ಲ. 1964–66ರ ಕೊಠಾರಿ ಆಯೋಗ ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ಶೇ. 6ರಷ್ಟು ಬೇಕೆಂದಿತು, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಗುರಿಯನ್ನು ಮತ್ತೆ ಹೇಳಿತು. ಪ್ರಾಥಮಿಕ ಶಾಲೆ, ಆಸ್ಪತ್ರೆ, ನೀರಾವರಿಗಳ ನಡುವೆ ಕಾಲೇಜಿನ ಪಾಲೆಷ್ಟೆಂಬುದನ್ನು ರಾಜಕೀಯವೇ ನಿರ್ಧರಿಸಬೇಕು. ಆದರೆ ಕ್ರಮವನ್ನು ಈ ನೋಟ ಸ್ಪಷ್ಟವಾಗಿ ಹೇಳುತ್ತದೆ: ಕೈಗೆತ್ತಿಕೊಂಡ ಬಾಕಿಯನ್ನು ಮೊದಲು ಸಲ್ಲಿಸಬೇಕು. ಕರ್ನಾಟಕದಲ್ಲಿ 2023ರ ಮಾರ್ಚಿನಲ್ಲಿ ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರಗಳಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳು ಉದ್ಘಾಟನೆಯಾದವು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಹಣ ಮತ್ತು ಸೌಲಭ್ಯಗಳ ಕೊರತೆಯ ಕಾರಣಕ್ಕೆ, ಈ ಏಳರಲ್ಲಿ ಹೆಚ್ಚಿನವೂ ಸೇರಿದಂತೆ ರಾಜ್ಯದ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ವಿಚಾರ ಸಂಪುಟ ಉಪಸಮಿತಿಯ ಮುಂದೆ ಬಂತು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಹೊರೆಯನ್ನು ಸಾವಿರಾರು ಅತಿಥಿ ಉಪನ್ಯಾಸಕರು ಭದ್ರತೆಯಿಲ್ಲದೆ ಹೊರುತ್ತಿದ್ದಾರೆ. ಸ್ಥಾಪನೆಗಿಂತ ಪಾಲನೆ ದೊಡ್ಡದೆಂಬ ಶಾಸನಗಳ ನೀತಿಯನ್ನು ಈ ಎರಡೂ ಸಂಗತಿಗಳು ಮೀರುತ್ತವೆ.

ಒಟ್ಟಿನಲ್ಲಿ, ದಾನದ ಕಲ್ಪನೆಯಿಂದ ಶಾಶ್ವತತೆಯನ್ನೂ, ಬೆಲೆಯ ವಾದದಿಂದ ಕೆಲಸದ ಪರೀಕ್ಷೆಯನ್ನೂ, ಹಕ್ಕಿನ ವಾದದಿಂದ ಎಲ್ಲರಿಗೂ ತೆರೆದ ಬಾಗಿಲನ್ನೂ ತೆಗೆದುಕೊಂಡು, ಅವುಗಳಿಗೆ ಋಣದ ತಳಹದಿ ಹಾಕಿದಾಗ ಸಾರ್ವಜನಿಕ ವಿಶ್ವವಿದ್ಯಾಲಯದ ಅನುದಾನಕ್ಕೆ ನೈತಿಕ ಅರ್ಥ ಬರುತ್ತದೆ. ಈ ನಾಲ್ಕರಲ್ಲಿ ಯಾವುದೊಂದು ತಪ್ಪಿದರೂ, ಕೂಲಿಕಾರನ ತೆರಿಗೆಯನ್ನು ಕಾಲೇಜಿಗೆ ಖರ್ಚು ಮಾಡಿದ್ದಕ್ಕೆ ಅವನಿಗೆ ಕೊಡಬೇಕಾದ ಉತ್ತರ ಅಷ್ಟರಮಟ್ಟಿಗೆ ಅಪೂರ್ಣವಾಗುತ್ತದೆ.